ಡಿಸ್ಕಾರ್ಡ್: ನಮ್ಮ ಗುಂಪು ಇಲ್ಲಿಗೆ ಬಂದು ಒಂದೂವರೆ ವರ್ಷ ಆದ್ಮೇಲೆ ಬರೀತಿರೋ ರಿವ್ಯೂ

ಗುಂಪು ನಡೆಸೋರಿಗೆ ಅಂತಾನೇ ಇದನ್ನ ಬರೀತಿದೀನಿ. ಡಿಸ್ಕಾರ್ಡ್ ಅಂದ್ರೆ ಗುಂಪಾಗಿ ಬರೆದು, ಮಾತಾಡಿ ಹರಟೋಕೆ ಇರೋ ಒಂದು ಆ್ಯಪ್. ಗೇಮ್ ಆಡೋರು ಅದರ ಬಗ್ಗೆ ಬರೆದಿರೋ ರಿವ್ಯೂ ಬೇಕಾದಷ್ಟು ಸಿಗ್ತವೆ, ಆದ್ರೆ ಒಂದು ಹವ್ಯಾಸ ಹಿಡ್ಕೊಂಡು ವರ್ಷಗಟ್ಟಲೆ ಆನ್‌ಲೈನಲ್ಲಿ ಮಾತಾಡ್ತಾ ಬಂದಿರೋ ನಮ್ಮಂಥ ಸಣ್ಣ ಗುಂಪಿಗೆ ಇದು ಹೊಂದುತ್ತಾ ಇಲ್ವಾ ಅಂತ ಹುಡುಕಿದಾಗ ನನಗೆ ಸರಿಯಾಗಿದ್ದು ಒಂದೂ ಸಿಗ್ಲಿಲ್ಲ. ಅದಕ್ಕೇ ನಮ್ಮ ಅನುಭವ ಪೂರ್ತಿ ಬರೆದಿಡ್ತೀನಿ, ಉದ್ದ ಆಗತ್ತೆ, ಓದೋರು ಓದ್ಲಿ.

ನಮ್ಮದು ಟೆಲಿಸ್ಕೋಪಿನ ಕನ್ನಡಿನ ಕೈಯಲ್ಲೇ ಉಜ್ಜಿ ಮಾಡ್ಕೊಳ್ಳೋರ ಗುಂಪು. ಒಂದು ದಪ್ಪ ಗಾಜಿನ ಬಿಲ್ಲೆ ತಗೊಂಡು, ಅದರ ಮೇಲೆ ನೀರು, ಕಾರ್ಬೊರಂಡಮ್ ಅನ್ನೋ ಗಾಜು ಸವೆಸೋ ಗಟ್ಟಿ ಪುಡಿ ಹಾಕಿ ಇನ್ನೊಂದು ಬಿಲ್ಲೆಯಿಂದ ಗಂಟೆಗಟ್ಟಲೆ ಉಜ್ಜಿದ್ರೆ ಮೇಲಿನ ಗಾಜಲ್ಲಿ ನಿಧಾನಕ್ಕೆ ಒಂದು ಕುಳಿ ಬೀಳತ್ತೆ. 6 ಇಂಚಿನ ಕನ್ನಡಿಗೆ, 48 ಇಂಚಿನ ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಒಂದು ಕಡೆ ಕೂಡೋ ಜಾಗಕ್ಕಿರೋ ದೂರ) ಬೇಕು ಅಂದ್ರೆ, ಆ ಕುಳಿಯ ಆಳ ಬರೀ 1.2 ಮಿಲಿಮೀಟರ್. ಅಷ್ಟಕ್ಕೆ 80 ನಂಬರಿನ ಒರಟು ಪುಡಿಯಿಂದ ಶುರು ಮಾಡಿ 120, 220, ಆಮೇಲೆ ಇನ್ನೂ ನುಣ್ಣಗಿನ ಪುಡಿಗಳು, ಕೊನೇಗೆ ಪಿಚ್ ಅನ್ನೋ ಟಾರಿನಂಥ ಅಂಟಿನ ಮೇಲೆ ಸೀರಿಯಮ್ ಆಕ್ಸೈಡ್ ಅನ್ನೋ ನುಣ್ಣನೆ ಪುಡಿ ಹಾಕಿ ಪಾಲಿಶ್. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಈ ಕೆಲಸ ಮಾಡೋವಾಗ ಪ್ರತಿ ಹಂತದಲ್ಲೂ ಯಾರನ್ನಾದ್ರೂ ಕೇಳ್ಲೇಬೇಕಾಗತ್ತೆ. ಕೇಳಿದ ಪ್ರಶ್ನೆಗೆ ಆವತ್ತೇ ಉತ್ತರ ಸಿಗ್ಬೇಕು, ಮತ್ತೆ ಅದೇ ಉತ್ತರ ಐದು ವರ್ಷ ಆದ್ಮೇಲೆ ಬರೋ ಇನ್ನೊಬ್ಬನಿಗೂ ಸಿಗ್ಬೇಕು. ಈ ಎರಡು ಅಗತ್ಯಾನೂ ತಲೇಲಿಟ್ಕೊಂಡೇ ನಾನು ಡಿಸ್ಕಾರ್ಡನ್ನ ಅಳೆದಿದೀನಿ.

ಮೊದಲು ನಾವು ಎಲ್ಲಿದ್ವಿ ಅನ್ನೋದು ಹೇಳ್ಬೇಕು. ಒಂದು ದೊಡ್ಡ ಸೋಶಿಯಲ್ ಮೀಡಿಯಾ ಸೈಟಲ್ಲಿ ನಮ್ಮ ಗ್ರೂಪ್ ಇತ್ತು, ಹೆಸರು ಬೇಡ. ಅಲ್ಲಿಗೆ ಹೋಗಿದ್ದಕ್ಕೆ ಕಾರಣ ಏನೂ ದೊಡ್ಡದಲ್ಲ, ಎಲ್ಲರ ಅಕೌಂಟೂ ಆಗ್ಲೇ ಅಲ್ಲಿತ್ತು, ಅಷ್ಟೇ. ಜನ ಎಲ್ಲಿ ಕೂತಿರ್ತಾರೋ ಮಾತೂ ಅಲ್ಲಿಗೇ ಹೋಗತ್ತೆ, ಇದನ್ನ ತಪ್ಪು ಅನ್ನೋಕಾಗಲ್ಲ. ಮೊದಮೊದಲು ಚೆನ್ನಾಗೂ ಇತ್ತು, ಹೊಸ ಮುಖಗಳು ಬಂದ್ರು, ಗುಂಪು ಮೂರು ಪಟ್ಟು ಬೆಳೀತು. ಆದ್ರೆ ಬರ್ತಾ ಬರ್ತಾ ಒಂದು ವಿಚಿತ್ರ ಕಾಣಿಸ್ತು, ಯಾರಾದ್ರೂ ಚಂದ್ರನ ಫೋಟೋ ಹಾಕಿದ್ರೆ ನೂರಾರು ಲೈಕು, ಯಾರಾದ್ರೂ ಬೂದಿ ಬಣ್ಣದ ಒಂದು ಗಾಜಿನ ತುಂಡಿನ ಫೋಟೋ ಹಾಕಿ "ಇದು ಸರಿ ಇದೆಯಾ ನೋಡಿ" ಅಂತ ಕೇಳಿದ್ರೆ ನಾಲ್ಕು ಲೈಕು. ಲೈಕ್ ಬಂದಿದ್ದನ್ನ ಸೈಟು ಇನ್ನಷ್ಟು ಜನಕ್ಕೆ ತೋರಿಸ್ತು, ಬರದೇ ಇದ್ದಿದ್ದನ್ನ ಕೆಳಗೆ ತಳ್ತು. ನಮ್ಮ ಗುಂಪಿನ ಜೀವಾಳ ಇದ್ದಿದ್ದೇ ಆ ಬೂದಿ ಗಾಜಿನ ಪ್ರಶ್ನೆಗಳಲ್ಲಿ.

ಒಂದು ಘಟನೆ ನನ್ನ ಮನಸ್ಸಿಂದ ಹೋಗೇ ಇಲ್ಲ. ಹೊಸದಾಗಿ ಸೇರಿದ್ದ ಒಬ್ಬ ಹುಡುಗ, 80 ನಂಬರ್ ಪುಡಿ ಮುಗಿಸಿ, ಭೂತಗನ್ನಡಿ ಇಟ್ಟು ಅಂಚಿನ ಹತ್ರ ಫೋಟೋ ತೆಗೆದು ಹಾಕಿದ್ದ, 120ಕ್ಕೆ ಹೋಗಬಹುದಾ ಅಂತ ಕೇಳಿ. ನಮ್ಮಲ್ಲಿ ಒಬ್ರು ಹಿರಿಯರಿದಾರೆ, ಎಲ್ರೂ ಮೇಷ್ಟ್ರು ಅಂತಾನೇ ಕರೀತೀವಿ, ಅವರಿಗೆ ಆ ಪೋಸ್ಟು ಕಾಣಿಸಿದ್ದು ಒಂಬತ್ತನೇ ದಿನಕ್ಕೆ. ನೋಡಿದ ತಕ್ಷಣ ಬರೆದ್ರು, "ಬೇಡಪ್ಪಾ, ಅಂಚಲ್ಲಿ ಇನ್ನೂ ದೊಡ್ಡ ಗುಳಿಗಳು ಇವೆ, ಇನ್ನು ನಾಲ್ಕು ಸಲ ಪುಡಿ ಹಾಕಿ ಉಜ್ಜು, ಆಮೇಲೆ ಮುಂದಕ್ಕೆ ಹೋಗು" ಅಂತ. ಅಷ್ಟೊತ್ತಿಗೆ ಅವನು ಎರಡು ದಿನ ಕಾದು, ಉತ್ತರ ಬರ್ಲಿಲ್ಲ ಅಂತ ಮುಂದಕ್ಕೆ ಹೋಗಿ, ಪಾಲಿಶಿಗೂ ಕೈ ಹಾಕ್ಬಿಟ್ಟಿದ್ದ. ಪಾಲಿಶ್ ಮಾಡಿದ ಮೇಲೆ ಆ ಗುಳಿಗಳು ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣ್ತವೆ, ಮತ್ತೆ ಒರಟು ಪುಡಿಗೆ ವಾಪಸ್ ಹೋಗೋದು ಬಿಟ್ಟು ಬೇರೆ ದಾರಿ ಇಲ್ಲ. ಅವನು ವಾಪಸ್ ಹೋಗ್ಲಿಲ್ಲ, ಗುಂಪನ್ನೂ ಬಿಟ್ಟ, ಗಾಜನ್ನೂ ಬಿಟ್ಟ. ಮೇಷ್ಟ್ರು ಎಷ್ಟೋ ದಿನ ನೊಂದ್ಕೊಂಡ್ರು, "ನಾನು ದಿನಾ ಒಳಗೆ ಬಂದು ನೋಡ್ತಿದ್ನಲ್ಲ, ನನಗ್ಯಾಕೆ ತೋರಿಸ್ಲಿಲ್ಲ" ಅಂತ. ಅವರ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಈಗ ಯೋಚಿಸಿದ್ರೆ ಉತ್ತರ ಇದೆ. ಮುಂಚೆ ಆನ್‌ಲೈನ್ ಮಾತುಕತೆಗೆ ಒಂದು ಜಾಗ ಅಂತ ಇರ್ತಿತ್ತು, ನೀವು ಅಲ್ಲಿಗೆ ಎದ್ದು ಹೋಗ್ತಿದ್ರಿ, ಕೊನೇ ಸಲ ಬಿಟ್ಟು ಬಂದ ಕಡೆಯಿಂದ ಓದ್ತಿದ್ರಿ. ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಅನ್ನೋ ಇಬ್ಬರು ಡ್ಯೂಕ್ ಯೂನಿವರ್ಸಿಟಿಯಲ್ಲಿ ಓದೋವಾಗ 1979ರಲ್ಲಿ ಯೋಚನೆ ಮಾಡಿ ಶುರು ಮಾಡಿದ ಯೂಸ್‌ನೆಟ್ ಅನ್ನೋ ಚರ್ಚೆಯ ಜಾಲದಲ್ಲಿ ಪ್ರತಿ ವಿಷಯಕ್ಕೂ ಬೇರೆ ಬೇರೆ ಗುಂಪು, ನಮ್ಮ ಹವ್ಯಾಸಿ ಖಗೋಳದವರಿಗೂ ಒಂದು ಇತ್ತು. 1988ರಲ್ಲಿ ಫಿನ್‌ಲ್ಯಾಂಡಿನ ಔಲು ಅನ್ನೋ ಕಡೆ ಯಾರ್ಕೊ ಒಯ್ಕರಿನೆನ್ ಮಾಡಿದ ಐಆರ್‌ಸಿ ಅನ್ನೋ ಚಾಟ್ ವ್ಯವಸ್ಥೆಯಲ್ಲೂ ಚಾನೆಲ್ಲುಗಳು ಇದ್ವು, ಹೆಸರಿನ ಮುಂದೆ ಒಂದು ಹ್ಯಾಶ್ (#) ಗುರುತು. 2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂತಲ್ಲ, ಅಲ್ಲಿಂದ ಈ ಲೆಕ್ಕಾನೇ ತಿರುಗಿಬಿಡ್ತು, ನೀವು ಮಾತಿನ ಹತ್ರ ಹೋಗೋ ಬದಲು ಮಾತೇ ನಿಮ್ಮ ಹತ್ರ ಬರೋಕೆ ಶುರುವಾಯ್ತು. ಸುಲಭ ಆಯ್ತು, ನಿಜ. ಆದ್ರೆ ಯಾವುದು ಬರ್ಬೇಕು, ಯಾವಾಗ ಬರ್ಬೇಕು, ಯಾವ ವರಸೇಲಿ ಬರ್ಬೇಕು ಅಂತ ತೀರ್ಮಾನ ಮಾಡೋದು ನಿಮ್ಮ ಕೈ ತಪ್ಪಿತು. 2009ರಲ್ಲಿ ಲೈಕ್ ಬಟನ್ ಬಂತು, ಆಮೇಲೆ ಯಾವ ಪೋಸ್ಟ್ ಮೇಲೆ ಬರ್ಬೇಕು ಅನ್ನೋದಕ್ಕೆ ಅದೂ ಒಂದು ಅಳತೆಗೋಲಾಯ್ತು. ಪ್ರಶ್ನೆಗೆ ಯಾರೂ ಲೈಕ್ ಒತ್ತಲ್ಲ, ಉತ್ತರ ಗೊತ್ತಿದ್ರೆ ಬರೀತಾರೆ, ಇಲ್ಲಾಂದ್ರೆ ಮುಂದೆ ಹೋಗ್ತಾರೆ.

ಆಮೇಲೆ ನಾವು ಮಾಡಿದ್ದು ಎಲ್ರೂ ಮಾಡೋದನ್ನೇ. ಫೋನಿನ ಮೆಸೇಜ್ ಗ್ರೂಪಿಗೆ ಹೋದ್ವಿ. ಅಲ್ಲಿ ಬರೆದಿದ್ದು ಬರೆದ ವರಸೇಲೇ ಕಾಣತ್ತೆ, ಯಾರೂ ಮೇಲೆ ಕೆಳಗೆ ಮಾಡಲ್ಲ ಅನ್ನೋದು ಒಂದು ನೆಮ್ಮದಿ. ಆದ್ರೆ ನೂರಾರು ಜನ ಒಂದೇ ಕೋಣೇಲಿ ಮಾತಾಡಿದ್ರೆ ಏನಾಗ್ಬೇಕೋ ಅದೇ ಆಯ್ತು. ಒಬ್ಬರು ಪಿಚ್ ಗಟ್ಟಿಯಾಗಿದೆ ಅಂತ ಕೇಳ್ತಿರೋವಾಗ ಮಧ್ಯೆ ಇನ್ನೊಬ್ಬರು ಗ್ರಹಣದ ವಿಡಿಯೋ ಹಾಕಿದ್ರು, ಅದಕ್ಕೆ ಮೂವತ್ತು ಹೆಬ್ಬೆರಳು ಬಂತು, ಪಿಚ್ ಪ್ರಶ್ನೆ ಮೇಲಕ್ಕೆ ಹೋಗಿ ಮಾಯ. ಹೊಸದಾಗಿ ಸೇರಿದೋರಿಗೆ ಹಳೇ ಮಾತು ಕಾಣ್ತಿರ್ಲಿಲ್ಲ, ಅದರಿಂದ ಅದೇ ಪ್ರಶ್ನೆ ತಿಂಗಳಿಗೊಂದು ಸಲ. ಮೇಷ್ಟ್ರು ಮೊದಲು ನಾಲ್ಕೈದು ಸಲ ಉದ್ದುದ್ದ ಉತ್ತರ ಟೈಪ್ ಮಾಡಿದ್ರು, ಆಮೇಲೆ ಎರಡು ಸಾಲು, ಆಮೇಲೆ ಸುಮ್ಮನಾದ್ರು. ಅವರನ್ನ ನಾನು ದೂರೋಕೆ ಆಗಲ್ಲ. ಗೊತ್ತಿರೋರು ಸುಸ್ತಾಗೋದು ಹೀಗೇನೇ, ಯಾರ ಜೊತೆಗೂ ಜಗಳ ಆಡಲ್ಲ, ಒಂದು ದಿನ ನೋಡಿದ್ರೆ ಅವರ ಮಾತು ನಿಂತುಹೋಗಿರತ್ತೆ.

ಇದೇ ಹೊತ್ತಲ್ಲಿ ಯಾರೋ ಡಿಸ್ಕಾರ್ಡ್ ನೋಡೋಣ ಅಂದ್ರು. ಜೇಸನ್ ಸಿಟ್ರನ್, ಸ್ಟಾನಿಸ್ಲಾವ್ ವಿಷ್ನೆವ್‌ಸ್ಕಿ ಅನ್ನೋರು 2015ರ ಮೇ ತಿಂಗಳಲ್ಲಿ ಗೇಮ್ ಆಡೋರು ಆಡ್ತಾ ಆಡ್ತಾ ಮಾತಾಡ್ಕೊಳ್ಳಲಿ ಅಂತ ಬಿಟ್ಟಿದ್ದು ಇದು, ಆಮೇಲೆ 2020ರ ಹೊತ್ತಿಗೆ ಗೇಮ್ ಆಡದೇ ಇರೋರೂ ಬನ್ನಿ ಅಂತ ಬಾಗಿಲು ಅಗಲ ಮಾಡಿದ್ರು. ಪ್ರತಿ ಗುಂಪಿಗೂ ಒಂದು ಸರ್ವರ್ ಅಂತಾರೆ, ಅದರೊಳಗೆ ಚಾನೆಲ್ಲುಗಳು, ಐಆರ್‌ಸಿ ಕಾಲದ ಅದೇ ಹ್ಯಾಶ್ ಗುರುತು ಇಲ್ಲೂ ಇದೆ. ನೋಡಿದ ತಕ್ಷಣ ಮೇಷ್ಟ್ರು ಮುಖದಲ್ಲಿ ನಗು ಬಂತು, "ಇದು ನಮ್ಮ ಕಾಲದ್ದೇ ಅಲ್ವೇನ್ರೀ" ಅಂದ್ರು.

ಈಗ ಇದರ ಒಳ್ಳೇದು ಹೇಳ್ತೀನಿ, ಅದರಲ್ಲೂ ವಾಯ್ಸ್ ಚಾನೆಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ, ಯಾಕಂದ್ರೆ ಇದೊಂದಕ್ಕಾಗಿ ಡಿಸ್ಕಾರ್ಡಿಗೆ ಬರಬಹುದು. ಇಲ್ಲಿ ಯಾರೂ ಯಾರಿಗೂ ಕಾಲ್ ಮಾಡಲ್ಲ, ಫೋನ್ ರಿಂಗ್ ಆಗಲ್ಲ, ಒಂದು ಕೋಣೆ ಯಾವಾಗ್ಲೂ ತೆರೆದಿರತ್ತೆ, ಒಳಗೆ ಯಾರಿದಾರೆ ಅಂತ ಹೊರಗಿಂದಾನೇ ಕಾಣತ್ತೆ, ಮನಸ್ಸು ಬಂದ್ರೆ ಹೋಗಿ ಕೂತ್ಕೊಳ್ಳೋದು, ಸಾಕು ಅನ್ಸಿದ್ರೆ ಎದ್ದು ಬರೋದು. ಜಗಲಿ ಮೇಲೆ ಕೂತಂಗೆ. ನಾವು ಏನು ಮಾಡ್ತೀವಿ ಅಂದ್ರೆ ರಾತ್ರಿ ಗಾಜು ಉಜ್ಜೋವಾಗ ಮೈಕ್ ಆನ್ ಮಾಡಿ ಪಕ್ಕದಲ್ಲಿ ಇಟ್ಕೊಂಡು ಕೆಲಸ ಮಾಡ್ತೀವಿ. ಮಾತಾಡ್ಲೇಬೇಕು ಅಂತೇನಿಲ್ಲ, ಎಷ್ಟೋ ಸಲ ಹತ್ತು ಹದಿನೈದು ನಿಮಿಷ ಬರೀ ಗಾಜಿನ ಸದ್ದು. ಹೊಸ ಪುಡಿ ಹಾಕಿದಾಗ ಜೋರಾಗಿ ಸುರ್ ಸುರ್ ಅಂತ ಬರತ್ತೆ, ಪುಡಿ ಸವೀತಾ ಸವೀತಾ ಸದ್ದು ಮೆತ್ತಗಾಗ್ತಾ ಹೋಗತ್ತೆ. ಒಂದು ರಾತ್ರಿ ಹೊಸಬಳು ಒಬ್ಬಳು ಉಜ್ಜುತ್ತಾ ಇದ್ಲು, ಮೇಷ್ಟ್ರು ಆ ಕಡೆಯಿಂದ ಕೇಳಿಸ್ಕೊಂಡು "ಪುಡಿ ಸತ್ತಿದೆ ಕಣಮ್ಮಾ, ತೊಳೆದು ಹೊಸದು ಹಾಕು" ಅಂದ್ರು. ಅವಳು ನೋಡಿದ್ರೆ ನಿಜ. ಬರೆದು ಈ ಪಾಠ ಹೇಳಿಕೊಡೋಕೆ ಆಗಲ್ಲ, ಕಿವಿಯಿಂದ ಕಿವಿಗೇ ಹೋಗ್ಬೇಕು, ಯಾವ ಫೀಡಲ್ಲೂ ಇಂಥದ್ದು ಆಗಿರ್ಲಿಲ್ಲ.

ಇದಕ್ಕೆ ಒಂದು ಸೆಟ್ಟಿಂಗ್ ಬದಲಾಯಿಸ್ಬೇಕು, ನಿಮಗೂ ಬೇಕಾಗಬಹುದು, ಬರ್ಕೊಳ್ಳಿ. ಡಿಸ್ಕಾರ್ಡಲ್ಲಿ ಹಿನ್ನೆಲೆ ಸದ್ದು ತೆಗೆಯೋಕೆ ಕ್ರಿಸ್ಪ್ ಅಂತ ಒಂದು ತಂತ್ರ ಇದೆ, ಮಾತು ಉಳಿಸಿ ಉಳಿದ ಸದ್ದನ್ನ ಅಳಿಸಿಬಿಡತ್ತೆ. ಮೀಟಿಂಗಿಗೆ ಅದು ಒಳ್ಳೇದು. ನಮಗೆ ಆ ಉಳಿದ ಸದ್ದೇ ಬೇಕು. ಮೊದಲ ಎರಡು ವಾರ ಎಲ್ರೂ ಕೂತು ಏನೂ ಕೇಳಿಸ್ತಿಲ್ವಲ್ಲ ಅಂತ ಪರದಾಡಿ, ಆಮೇಲೆ ವಾಯ್ಸ್ ಸೆಟ್ಟಿಂಗಲ್ಲಿ ನಾಯ್ಸ್ ಸಪ್ರೆಶನ್ ಆಫ್ ಮಾಡಿದ್ವಿ. ಸಂಗೀತ ಕಲಿಯೋರು, ಮರಗೆಲಸದೋರು, ಹೊಲಿಗೆ ಮೆಷಿನ್ ರಿಪೇರಿ ಮಾಡೋರು, ಸದ್ದಿಂದ ಕಲಿಯೋ ಕೆಲಸ ಯಾವುದಿದ್ರೂ ಇದನ್ನ ಮೊದಲು ಆಫ್ ಮಾಡಿ.

ಚಾನೆಲ್ ಎಷ್ಟಿರ್ಬೇಕು ಅನ್ನೋದ್ರಲ್ಲಿ ನಾನು ತಪ್ಪು ಮಾಡಿದೆ. ಉತ್ಸಾಹದಲ್ಲಿ ಇಪ್ಪತ್ಮೂರು ಚಾನೆಲ್ ಮಾಡಿಟ್ಟೆ, ಒಂದೊಂದು ಪುಡಿಗೂ ಒಂದೊಂದು, ಪಿಚ್ಚಿಗೆ ಒಂದು, ಟೆಸ್ಟಿಂಗಿಗೆ ಒಂದು, ಸ್ಟ್ಯಾಂಡಿಗೆ ಒಂದು. ಒಳಗೆ ಬಂದೋರಿಗೆ ಸಾಲಾಗಿ ಖಾಲಿ ಕೋಣೆಗಳು ಕಂಡ್ವು. ಖಾಲಿ ಕೋಣೇಲಿ ಯಾರು ಮೊದಲು ಬಾಯಿ ಬಿಡ್ತಾರೆ? ಯಾರೂ ಇಲ್ಲ. ಎರಡು ತಿಂಗಳಾದ್ಮೇಲೆ ಎಲ್ಲ ಮುಚ್ಚಿ ಆರಕ್ಕೆ ಇಳಿಸಿದೆ, ಅವತ್ತಿಂದ ಮಾತು ತುಂಬ್ಕೊಳ್ತು. ಗುಂಪು ಸಣ್ಣದಿದ್ರೆ ಮೂರೇ ಸಾಕು ಅಂತ ಈಗ ಅನ್ಸತ್ತೆ.

2022ರಲ್ಲಿ ಬಂದ ಫೋರಮ್ ಚಾನೆಲ್ ಅನ್ನೋದು ನಮ್ಮ ಪ್ರಶ್ನೆಗಳಿಗೆ ಸರಿಯಾಗಿ ಹೊಂದಿತು. ಪ್ರತಿ ಪ್ರಶ್ನೆಗೂ ಒಂದು ತಲೆಬರಹ, ಅದರೊಳಗೆ ಉತ್ತರಗಳು, ಟ್ಯಾಗ್ ಹಾಕಬಹುದು, ನಾವು "ಬಗೆಹರೀತು" ಅಂತ ಒಂದು ಟ್ಯಾಗ್ ಇಟ್ಟಿದೀವಿ. ಗ್ರಹಣದ ವಿಡಿಯೋ ಬಂದು ಪಿಚ್ ಪ್ರಶ್ನೇನ ನುಂಗೋದು ನಿಂತುಹೋಯ್ತು. ಹೊಸಬರಿಗೂ ಹಳೇ ಮಾತೆಲ್ಲ ಮೊದಲಿಂದ ಕಾಣತ್ತೆ, ಒಳಗೆ ಹುಡುಕೋ ಸೌಲಭ್ಯಾನೂ ಚೆನ್ನಾಗಿದೆ, ಯಾರು ಬರೆದಿದ್ದು, ಯಾವ ದಿನಕ್ಕೆ ಮುಂಚೆ, ಫೋಟೋ ಇರೋದು ಮಾತ್ರ ಅಂತೆಲ್ಲ ಸೋಸಿ ತೆಗೀಬಹುದು. ಇದೆಲ್ಲ ದುಡ್ಡು ಕೊಡದೇನೇ ಸಿಗೋದು. ಮೇಷ್ಟ್ರು ಮತ್ತೆ ಉದ್ದುದ್ದ ಬರೆಯೋಕೆ ಶುರು ಮಾಡಿದಾರೆ, ಒಂದು ಮೆಸೇಜಿಗೆ 2000 ಅಕ್ಷರದ ಮಿತಿ ಇರೋದ್ರಿಂದ ಅವರು ಒಂದು ಉತ್ತರಾನ ಮೂರು ತುಂಡು ಮಾಡಿ ಹಾಕ್ತಾರೆ, ಆದ್ರೂ ಹಾಕ್ತಾರಲ್ಲ, ನನಗೆ ಅಷ್ಟೇ ಸಾಕು.

ನೋಟಿಫಿಕೇಶನ್ ಬಗ್ಗೆ ಒಂದು ಮಾತು. ಸೇರಿದ ದಿನವೇ ಎಲ್ಲ ಸದ್ದು ಆಫ್ ಮಾಡಿ, ನಿಮ್ಮ ಹೆಸರು ಹಿಡಿದು ಕರೆದ್ರೆ ಮಾತ್ರ ಬರೋ ಹಾಗೆ ಇಟ್ಕೊಳ್ಳಿ. ಗುಂಪು ನಡೆಸೋರು ಎಲ್ಲರನ್ನೂ ಒಟ್ಟಿಗೆ ಕರೆಯೋ ಅಧಿಕಾರಾನ ತಮ್ಮ ಹತ್ರಾನೇ ಇಟ್ಕೊಳ್ಳಿ, ಬೇರೆ ಯಾರಿಗೂ ಕೊಡಬೇಡಿ.

ಈಗ ಕೊರತೆಗೆ ಬರ್ತೀನಿ, ಇದು ಸಣ್ಣದಲ್ಲ. ಡಿಸ್ಕಾರ್ಡ್ ಸರ್ವರ್ ಒಳಗೆ ಬರೆದಿದ್ದು ಹೊರಗಿನ ಯಾವ ಸರ್ಚಲ್ಲೂ ಸಿಗಲ್ಲ. ಗೂಗಲ್ಲಲ್ಲಿ ಹುಡುಕಿದ್ರೆ ಸಿಗಲ್ಲ, ಹಳೇ ವೆಬ್ ಪುಟಗಳನ್ನ ಕೂಡಿಡೋ ವೇಬ್ಯಾಕ್ ಮೆಷಿನ್ ಥರದ ಆರ್ಕೈವೂ ಒಳಗೆ ಬರೋಕಾಗಲ್ಲ. ನಮ್ಮಲ್ಲಿ ಸೇರಿರೋರಿಗೆ ಎಲ್ಲಾ ಕಾಣತ್ತೆ, ಸೇರದೇ ಇರೋನಿಗೆ ಇಂಥದ್ದೊಂದು ಮಾತು ನಡೆದಿದೆ ಅನ್ನೋದೇ ಗೊತ್ತಾಗಲ್ಲ. ಅಂಚು ಕೆಳಕ್ಕೆ ಬಾಗೋ ತೊಂದರೆ ಅಂತ ಒಂದಿದೆ ನಮ್ಮಲ್ಲಿ, ಪಾಲಿಶ್ ಮಾಡೋವಾಗ ಪಿಚ್ ತೀರಾ ಮೆತ್ತಗಿದ್ರೆ, ಇಲ್ಲಾ ಕೈ ತೀರಾ ಉದ್ದಕ್ಕೆ ಓಡಿಸಿದ್ರೆ ಆಗೋದು, ಅದರ ಬಗ್ಗೆ ನಮ್ಮ ಸರ್ವರಲ್ಲಿ ನಲವತ್ತು ಉತ್ತರಗಳಿರೋ ಒಂದು ಎಳೆ ಇದೆ, ಅಷ್ಟು ಬಿಡಿಸಿ ಹೇಳಿರೋದನ್ನ ನಾನು ಬೇರೆಲ್ಲೂ ಓದಿಲ್ಲ. ಎಲ್ಲೋ ಒಂದು ಕಡೆ ಒಬ್ಬ ಇದೇ ತೊಂದರೆ ಇಟ್ಕೊಂಡು ರಾತ್ರಿ ಹನ್ನೆರಡಕ್ಕೆ ಸರ್ಚ್ ಮಾಡ್ತಿದ್ರೆ ಅವನಿಗೆ ಅದು ಸಿಗಲ್ಲ. ಇದನ್ನ ನೆನೆಸ್ಕೊಂಡ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ಹೋಲಿಸಿ ನೋಡಿ. ಈ ಕನ್ನಡಿ ಉಜ್ಜೋ ಹವ್ಯಾಸ ಜನಸಾಮಾನ್ಯರಿಗೆ ಹಬ್ಬಿದ್ದೇ ಒಂದು ಪತ್ರಿಕೆಯಿಂದ. ಸೈಂಟಿಫಿಕ್ ಅಮೆರಿಕನ್ ಪತ್ರಿಕೇಲಿ 1925ರಲ್ಲಿ ಆಲ್ಬರ್ಟ್ ಇಂಗಲ್ಸ್ ಅನ್ನೋ ಸಂಪಾದಕರು ರಸೆಲ್ ಪೋರ್ಟರ್ ಮತ್ತೆ ಅವರ ಸ್ಪ್ರಿಂಗ್‌ಫೀಲ್ಡಿನ ಜೊತೆಗಾರರು ತಮ್ಮ ಟೆಲಿಸ್ಕೋಪ್ ತಾವೇ ಮಾಡ್ಕೊಳ್ತಿದ್ದ ಬಗ್ಗೆ ಬರೆದ್ರು, ಓದಿದ ಜನ ನಮಗೂ ಹೇಳಿಕೊಡಿ ಅಂತ ಮುಗಿಬಿದ್ರು. ಆಗ ಬರೆದಿದ್ದನ್ನ ನೂರು ವರ್ಷ ಆದ್ಮೇಲೆ ಇವತ್ತೂ ಓದಿ ಕಲೀಬಹುದು, ನಾನೂ ಕಲಿತಿದೀನಿ. ಯೂಸ್‌ನೆಟ್ಟಿನ 1990ರ ದಶಕದ ಮಾತುಗಳೂ ಉಳಿದಿವೆ, 1995ರಲ್ಲಿ ಡೇಜಾ ನ್ಯೂಸ್ ಅನ್ನೋರು ಕೂಡಿಡೋಕೆ ಶುರು ಮಾಡಿದ್ರು, 2001ರಲ್ಲಿ ಗೂಗಲ್ ಅದನ್ನ ತಗೊಳ್ತು, 2024ರ ಫೆಬ್ರವರಿಯಿಂದ ಗೂಗಲ್ ಗ್ರೂಪ್ಸಲ್ಲಿ ಯೂಸ್‌ನೆಟ್ಟಿನ ಹೊಸ ಬರಹ ನಿಂತ್ರೂ ಹಳೇದು ಓದೋಕೆ ಸಿಗತ್ತೆ. ಆದ್ರೆ ಆಮೇಲಿನ ಕಾಲದ್ದೇ ಹೋಗಿರೋದು. ಆರ್ಕುಟ್ 2004ರಲ್ಲಿ ಬಂದು 2014ರ ಸೆಪ್ಟೆಂಬರ್ 30ಕ್ಕೆ ಮುಚ್ತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರಲ್ಲಿ ಪೂರ್ತಿ ನಿಂತೇ ಹೋಯ್ತು, ಅದಕ್ಕೂ ಮುಂಚೆ ಅಲ್ಲಿ ಕೂಡಿಟ್ಟಿದ್ದ ಫೈಲು, ಹಳೇ ಮಾತುಗಳನ್ನ ಅಳಿಸೋಕೆ ಶುರು ಮಾಡಿದ್ರು. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಹಾಕಿ ನೋಡಿದಾಗ 2013ರಲ್ಲಿದ್ದ ವೆಬ್ ಪುಟಗಳಲ್ಲಿ 38% ಹತ್ತು ವರ್ಷದ ಹೊತ್ತಿಗೆ ಸಿಗ್ತಾನೇ ಇರ್ಲಿಲ್ಲ. ಅದು ಎಲ್ಲರಿಗೂ ತೆರೆದಿದ್ದ ಪುಟಗಳ ಲೆಕ್ಕ. ಮುಚ್ಚಿದ ಕೋಣೆಗಳಲ್ಲಿ ಆಡಿದ ಮಾತು ಎಷ್ಟು ಹೋಯ್ತು ಅಂತ ಹೊರಗಿಂದ ಎಣಿಸೋಕೂ ಆಗಲ್ಲ.

ಇನ್ನೂ ಒಂದಿದೆ. ಗುಂಪಿನ ಪೂರ್ತಿ ಮಾತುಕತೆನ ಒಟ್ಟಿಗೆ ಇಳಿಸ್ಕೊಳ್ಳೋಕೆ ಡಿಸ್ಕಾರ್ಡಿನವರು ಕೊಟ್ಟಿರೋ ಬಟನ್ ಇಲ್ಲ. ನಿಮ್ಮ ನಿಮ್ಮ ಮೆಸೇಜಿನ ಪ್ರತಿ ಕೇಳಿದ್ರೆ ಕೊಡ್ತಾರೆ, ಆದ್ರೆ ನನ್ನ ಪ್ರಶ್ನೆಗಳು ಮಾತ್ರ ಇಟ್ಕೊಂಡು, ಮೇಷ್ಟ್ರು ಉತ್ತರ ಇಲ್ಲದೆ ನಾನೇನ್ ಮಾಡ್ಲಿ? ಅಲ್ಲಿ ಹಾಕಿದ ಫೋಟೋದ ಲಿಂಕನ್ನ ತಗೊಂಡು ಹೊರಗೆ ಬೇರೆ ಪುಟದಲ್ಲಿ ಹಾಕಿದ್ರೂ ಸ್ವಲ್ಪ ಹೊತ್ತಾದ್ಮೇಲೆ ಆ ಲಿಂಕ್ ಕೆಲಸ ಮಾಡಲ್ಲ, ಹಾಗಾಗಿ ಫೋಟೋ ಇಳಿಸ್ಕೊಂಡೇ ಬೇರೆ ಕಡೆ ಇಡ್ಬೇಕು. ಗುಟ್ಟಿನ ವಿಷಯಕ್ಕೆ ಬಂದ್ರೆ, ವಾಯ್ಸ್ ಮತ್ತೆ ವಿಡಿಯೋಗೆ 2024ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ (ಮಾತಾಡೋರು ಬಿಟ್ಟು ಬೇರೆ ಯಾರಿಗೂ, ಕಂಪನಿಗೂ, ಗೊತ್ತಾಗದ ಹಾಗೆ ಕಾಪಾಡೋದು) ತರ್ತಾ ಬಂದಿದಾರೆ, ಬರೆದ ಮೆಸೇಜಿಗೆ ಅದಿಲ್ಲ. ಗಾಜಿನ ಮಾತಿಗೆ ಪರವಾಗಿಲ್ಲ, ಕಾಯಿಲೆ ಕಸಾಲೆ ಮನೆ ವಿಷಯ ಮಾತಾಡೋ ಗುಂಪಾದ್ರೆ ಯೋಚನೆ ಮಾಡಿ.

ಬರದೇ ಇದ್ದೋರ ಬಗ್ಗೆಯೂ ಹೇಳ್ಬೇಕು, ಯಾಕಂದ್ರೆ ಜಾಗ ಬದಲಾಯಿಸಿದಾಗ್ಲೆಲ್ಲ ಯಾರೋ ಹಿಂದೆ ಉಳೀತಾರೆ, ಅದು ಕಣ್ಣಿಗೆ ಕಾಣಲ್ಲ. ಹಳೇ ಗ್ರೂಪಲ್ಲಿ ದಿನಾ ಒಂದು ಸಾಲು ಬರೀತಿದ್ದ ಕೆಲವರು ಇಲ್ಲಿಗೆ ಬರ್ಲೇ ಇಲ್ಲ. ಒಬ್ಬರಿಗೆ ಇನ್ನೊಂದು ಆ್ಯಪ್ ಬೇಡ. ಒಬ್ಬರಿಗೆ ಒಳಗೆ ಬಂದ ತಕ್ಷಣ ಎಡಗಡೆ ಬಲಗಡೆ ಮೇಲೆ ಕೆಳಗೆ ಏನೇನೋ ಕಂಡು ಗಾಬರಿ ಆಯ್ತು. ಮೂರನೆಯವರೊಬ್ಬರು, ಎಂಬತ್ತರ ಹತ್ರದೋರು, ಲೆನ್ಸಿನ ಲೆಕ್ಕ ಬಾಯಲ್ಲೇ ಹೇಳ್ತಿದ್ದೋರು, "ನನಗೆ ಆಗಲ್ಲ ಕಣಪ್ಪ, ನೀವು ಹೋಗಿ ಬನ್ನಿ" ಅಂದ್ರು. ಹೋಗಿ ಬನ್ನಿ ಅಂದ್ರು, ಆದ್ರೆ ನಾವು ವಾಪಸ್ ಬರೋದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಈಗ ನಮ್ಮಲ್ಲೊಬ್ಬ ವಾರಕ್ಕೊಂದು ಸಲ ಅವರಿಗೆ ಫೋನ್ ಮಾಡಿ ಆ ವಾರದ ಪ್ರಶ್ನೆಗಳನ್ನ ಓದಿ ಹೇಳ್ತಾನೆ, ಅವರು ಹೇಳಿದ್ದನ್ನ ತಂದು ಇಲ್ಲಿ ಬರೀತಾನೆ. ಇದನ್ನ ಯಾವ ಕಂಪನೀನೂ ಮಾಡಿಕೊಡಲ್ಲ, ನಾವೇ ಮಾಡ್ಕೋಬೇಕು.

ಬೇರೆ ಜಾಗಗಳನ್ನೂ ನೋಡಿದ್ವಿ. ಟೆಲಿಗ್ರಾಮಲ್ಲಿ ಒಂದು ಗುಂಪಿಗೆ 2 ಲಕ್ಷ ಜನದವರೆಗೂ ಸೇರಬಹುದು, ಹಳೇ ಮಾತೂ ಉಳಿಯತ್ತೆ, ಆದ್ರೆ ನಮಗೆ ವಾಯ್ಸ್ ಕೋಣೆ ಇಷ್ಟು ಸಹಜವಾಗಿ ಅನ್ನಿಸ್ಲಿಲ್ಲ. ಆಫೀಸಿನೋರು ಬಳಸೋ ಸ್ಲ್ಯಾಕ್ ಆ್ಯಪಲ್ಲಿ ದುಡ್ಡು ಕೊಡದೇ ಇದ್ರೆ 90 ದಿನಕ್ಕಿಂತ ಹಳೇದು ಕಾಣಲ್ಲ, ನಮ್ಮ ಒಂದು ಕನ್ನಡಿ ಮುಗಿಯೋಕೇ ಅದಕ್ಕಿಂತ ಜಾಸ್ತಿ ದಿನ ಬೇಕು, ಅಲ್ಲಿಗೆ ಆ ಮಾತು ಮುಗೀತು. ಮ್ಯಾಸ್ಟಡಾನ್ ಅನ್ನೋ, ಬೇರೆ ಬೇರೆ ಜನ ನಡೆಸೋ ಸರ್ವರುಗಳ ಸೋಶಿಯಲ್ ಮೀಡಿಯಾ ನನಗೆ ತುಂಬಾ ಇಷ್ಟ, ಫೀಡಿನ ವರಸೆ ಯಾರೂ ತಿರುಚಲ್ಲ, ಸರ್ವರ್ ನಡೆಸೋರು ಸರಿ ಇಲ್ಲಾಂದ್ರೆ ಫಾಲೋವರ್ಸನ್ನ ಕರ್ಕೊಂಡು ಬೇರೆ ಸರ್ವರಿಗೆ ಹೋಗಬಹುದು, ಆದ್ರೆ ಹಳೇ ಪೋಸ್ಟುಗಳು ಜೊತೆಗೆ ಬರಲ್ಲ, ಮತ್ತೆ ಅದು ಒಬ್ಬೊಬ್ಬರೂ ಎಲ್ಲರಿಗೂ ಕೇಳೋ ಹಾಗೆ ಮಾತಾಡೋ ಜಾಗ, ನಮ್ಮದು ಸುತ್ತ ಕೂತು ಮಾತಾಡೋ ಗುಂಪು. ರೆಡಿಟ್ ತೆರೆದ ಜಾಗ, ಸರ್ಚಲ್ಲಿ ಸಿಗತ್ತೆ, ನಮ್ಮ ಎರಡನೇ ಅಗತ್ಯಕ್ಕೆ ಅದೇ ಸರಿ ಅಂತ ಬಹಳ ಜನ ವಾದಿಸಿದ್ರು. ಆದ್ರೆ 2023ರ ಜೂನಲ್ಲಿ ಎಪಿಐ (ಹೊರಗಿನ ಆ್ಯಪುಗಳು ರೆಡಿಟ್ಟಿಗೆ ಸೇರ್ಕೊಳ್ಳೋ ದಾರಿ) ಬೆಲೆ ವಿಷಯಕ್ಕೆ ಜಗಳ ಆಗಿ ಸಬ್‌ರೆಡಿಟ್ ಅನ್ನೋ ಅಲ್ಲಿನ ಸಾವಿರಾರು ಗುಂಪುಗಳು ಬಾಗಿಲು ಹಾಕ್ಕೊಂಡಾಗ, ಸರ್ಚಲ್ಲಿ ಸಿಕ್ಕಿದ ಉತ್ತರ ಒತ್ತಿದ್ರೆ ಒಳಗೆ ಹೋಗೋಕಾಗ್ತಿರ್ಲಿಲ್ಲ. ತೆರೆದಿರೋ ಜಾಗಾನೂ ಬೇರೆಯವರದ್ದೇ ಮನೆ.

ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ 2019ರ ಮಾರ್ಚಲ್ಲಿ ಒಂದು ಉದ್ದದ ಪತ್ರ ಬರೆದಿದ್ರು, ಇಷ್ಟು ದಿನ ಊರ ಚೌಕದಲ್ಲಿ ನಿಂತು ಮಾತಾಡೋ ಹಾಗಿದ್ದಿದ್ದು ಇನ್ಮುಂದೆ ಮನೆಯ ಹಜಾರದಲ್ಲಿ ಕೂತು ಮಾತಾಡೋ ಹಾಗೆ ಆಗತ್ತೆ ಅನ್ನೋ ಅರ್ಥದಲ್ಲಿ. ಆಗ ಓದಿದಾಗ ಒಳ್ಳೇದೇ ಅನ್ಸಿತ್ತು ನನಗೆ, ಈಗ್ಲೂ ಅರ್ಧ ಒಳ್ಳೇದೇ ಅನ್ಸತ್ತೆ. ಹಜಾರದಲ್ಲಿ ಜನ ತಪ್ಪು ಪ್ರಶ್ನೆ ಕೇಳೋಕೆ ಹೆದರಲ್ಲ. ನಮ್ಮ ಸರ್ವರಲ್ಲಿ "ನನ್ನ ಕನ್ನಡಿ ಕೆಟ್ಟುಹೋಯ್ತು" ಅಂತ ಬರೆಯೋರು ಇದಾರೆ, ಆ ದೊಡ್ಡ ಸೈಟಲ್ಲಿದ್ದಷ್ಟು ದಿನ ಅಂಥ ಸಾಲು ನಾನು ಒಂದೂ ನೋಡಿರ್ಲಿಲ್ಲ, ಅಲ್ಲಿ ಎಲ್ಲರ ಕನ್ನಡೀನೂ ಯಾವಾಗ್ಲೂ ಚೆನ್ನಾಗೇ ಬರ್ತಿತ್ತು. ಕಲಿಯೋದು ಕೆಟ್ಟ ಕನ್ನಡಿಯಿಂದ, ಕೆಟ್ಟ ಕನ್ನಡಿ ತೋರಿಸೋಕೆ ಧೈರ್ಯ ಬರೋದು ಗುರುತಿರೋರ ಮುಂದೆ.

ಅಂಕ ಕೇಳೋರಿಗೆ, ಮಾತಾಡೋ ಜಾಗವಾಗಿ ಡಿಸ್ಕಾರ್ಡಿಗೆ ನಾನು 5ಕ್ಕೆ 4.5 ಕೊಡ್ತೀನಿ. ಆಡಿದ ಮಾತು ಉಳಿಸಿಡೋ ಜಾಗವಾಗಿ 5ಕ್ಕೆ 1.5. ಎರಡೂ ಕೂಡಿಸಿ ಸರಾಸರಿ ತೆಗೀಬೇಡಿ, ಅವು ಬೇರೆ ಬೇರೆ ಕೆಲಸ. ನಿಮ್ಮ ಗುಂಪಲ್ಲಿ ಆವತ್ತಿನ ಮಾತು ಆವತ್ತಿಗೆ ಸಾಕು ಅನ್ನೋದಾದ್ರೆ ಕಣ್ಮುಚ್ಕೊಂಡು ಬನ್ನಿ. ನಿಮ್ಮಲ್ಲಿ ಹುಟ್ಟೋ ತಿಳಿವಳಿಕೆ ಹೊರಗಿನೋರಿಗೂ ಬೇಕಾಗಿದ್ರೆ, ಬರೋದಕ್ಕೆ ಮುಂಚೆಯೇ ಹೊರಗೆ ಒಂದು ಕಪಾಟು ಕಟ್ಟಿಟ್ಕೊಂಡು ಬನ್ನಿ. ನಾವು ಎಂಟು ತಿಂಗಳು ತಡ ಮಾಡಿ ಕಟ್ಟಿದ್ವಿ.

ನಮ್ಮ ಕಪಾಟು ತುಂಬಾ ಸರಳ. ಎಲ್ಲರಿಗೂ ತೆರೆದಿರೋ ಒಂದಿಷ್ಟು ಪುಟಗಳು, ಬರೀ ಅಕ್ಷರ ಮತ್ತೆ ಫೋಟೋ, ಲಾಗಿನ್ ಇಲ್ಲ. ತಿಂಗಳ ಕೊನೇ ಭಾನುವಾರ ನಾನು ಮತ್ತೆ ಇನ್ನೊಬ್ಬರು ಕೂತು "ಬಗೆಹರೀತು" ಅಂತ ಟ್ಯಾಗ್ ಇರೋ ಎಳೆಗಳನ್ನ ಓದಿ, ಅದರಲ್ಲಿ ಸಾರ ತೆಗೆದು ಅಲ್ಲಿ ಬರೀತೀವಿ. ಒಂದು ನಿಯಮ ಇಟ್ಕೊಂಡಿದೀವಿ, ಕೇಳಿದೋರು ಉತ್ತರ ಕೊಟ್ಟೋರು ಇಬ್ಬರನ್ನೂ ಕೇಳದೆ ಒಂದು ಸಾಲೂ ಹೊರಗೆ ಹಾಕಲ್ಲ. ಹಜಾರದಲ್ಲಿ ನಂಬಿಕೆ ಇಟ್ಟು ಆಡಿದ ಮಾತನ್ನ ಬೀದಿಗೆ ತಂದ್ರೆ ನಾಳೆ ಯಾರೂ ಬಾಯಿ ಬಿಡಲ್ಲ. ಇಬ್ಬರು ಬೇಡ ಅಂದಿದಾರೆ, ಅವರದ್ದು ಒಳಗೇ ಇದೆ. ಉಳಿದೋರೆಲ್ಲ ಸಂತೋಷದಿಂದ ಹೂಂ ಅಂದಿದಾರೆ, ಮೇಷ್ಟ್ರು ಅಂತೂ ತಮ್ಮ ಹಳೇ ಉತ್ತರಗಳನ್ನ ತಾವೇ ತಿದ್ದಿ ಕೊಡ್ತಾರೆ. ಭಾನುವಾರ ಮೂರು ಗಂಟೆ ಹಿಡಿಯತ್ತೆ, ಬೇಜಾರಿನ ಕೆಲಸ ಅಂತ ಅನ್ಸಿದ ದಿನಾನೂ ಇದೆ, ಆದ್ರೂ ಬಿಟ್ಟಿಲ್ಲ.

ಹೋದ ತಿಂಗಳು ಒಂದು ಇಮೇಲ್ ಬಂತು, ಗುರುತೇ ಇಲ್ಲದೋರದ್ದು. ಅಂಚು ಕೆಳಕ್ಕೆ ಬಾಗಿದೆ, ಹುಡುಕ್ತಾ ನಿಮ್ಮ ಪುಟ ಸಿಕ್ತು, ಬರೆದಿರೋ ಹಾಗೆ ಪಿಚ್ ಸ್ವಲ್ಪ ಗಟ್ಟಿ ಮಾಡಿ ಕೈ ಚಿಕ್ಕದಾಗಿ ಓಡಿಸ್ತಿದೀನಿ, ಆದ್ರೆ ಸರಿಯಾಗ್ತಿದೆಯಾ ಅಂತ ಗೊತ್ತಾಗ್ತಿಲ್ಲ ಅಂತ. ಸರ್ವರಿನ ಲಿಂಕ್ ಕಳಿಸಿದೆ. ಅವತ್ತು ರಾತ್ರಿ ವಾಯ್ಸ್ ಕೋಣೇಲಿ ಹೊಸ ಹೆಸರು ಕಾಣಿಸ್ತು. ಮೇಷ್ಟ್ರು ಮೊದಲು ನಾಯ್ಸ್ ಸಪ್ರೆಶನ್ ಆಫ್ ಮಾಡೋಕೆ ಹೇಳಿದ್ರು, ಆಮೇಲೆ "ಎಲ್ಲಿ, ಒಂದೆರಡು ಸಲ ಕೈ ಓಡಿಸಿ, ಕೇಳ್ತೀನಿ" ಅಂದ್ರು, ನಾವು ಐದಾರು ಜನ ನಮ್ಮ ನಮ್ಮ ಗಾಜು ನಿಲ್ಲಿಸಿ ಸುಮ್ಮನೆ ಕೂತು ಕೇಳಿದ್ವಿ.